ತೋಟಿಯ ಕೈ

ಹೊಡೆಯುವುದಿಲ್ಲ ಎನ್ನುವ ಹಕ್ಕು ತೋಟಿ ಚೆನ್ನಯ್ಯನಿಗೆ ಇರಲಿಲ್ಲ.

"ನೊಣ ಓಡುಸ್ತಾ ಇದ್ದೀಯೇನ್ಲಾ ಬೋಳಿಮಗನೆ? ತೊಗಲು ಕಿತ್ಕೊಂಡು ಬರೋ ಅಂಗೆ ಬುಡ್ಲಾ" ಎಂದು ಪಟೇಲ್ ಸಣ್ಣೇಗೌಡರು ಚಾವಡಿಯ ಜಗಲಿಯಿಂದ ಹೇಳಿದರೆ, ಕೆಳಗೆ ಅಂಗಳದಲ್ಲಿ ಚೆನ್ನಯ್ಯ ಹುಣಸೆ ಬರಲನ್ನು ಇನ್ನಷ್ಟು ಎತ್ತಿ ಬೀಸಬೇಕು. ಬೆನ್ನು ಕೊಟ್ಟು ನಿಂತವನು ನಮ್ಮ ಹೊಲಗೇರಿಯವನೇ ಆಗಿರುತ್ತಿದ್ದ. ಗೌಡರು ತಾವು ಕೈ ಮಾಡುತ್ತಿರಲಿಲ್ಲ. ನಮ್ಮನ್ನು ಮುಟ್ಟಿದರೆ ಸ್ನಾನ ಮಾಡಬೇಕು. ಅದಕ್ಕೇ ನಮಗೆ ಹೊಡೆಯಲು ನಮ್ಮವನೊಬ್ಬ ಬೇಕಾಗಿತ್ತು. ಚೆನ್ನಯ್ಯನ ಅಪ್ಪ ಹೊಡೆದಿದ್ದ, ಅವನಪ್ಪನೂ ಹೊಡೆದಿದ್ದ. ಆ ತೋಟಿ ಚಾಕರಿಗೆ ಕೆರೆಯ ಕೆಳಗೆ ಹದಿನಾಲ್ಕು ಗುಂಟೆ ಗದ್ದೆ ಮಾನ್ಯವಾಗಿ ಬಂದಿತ್ತು. ಕೇರಿಯಲ್ಲಿ ನೆಲ್ಲು ಕಂಡ ಮನೆ ಅದೊಂದೇ.

ಹೊಳೆನರಸೀಪುರದ ಸಂತೆಯಿಂದ ಬರುವಾಗ ಗೌಡರ ಬೀದಿಯಲ್ಲಿ ಕಾಲಿನ ಎಕ್ಕಡ ಬಿಚ್ಚಲಿಲ್ಲವೆಂದು ನಮ್ಮ ಕೇರಿಯ ಗಿಡ್ಡಯ್ಯ ಒಮ್ಮೆ ಚೆನ್ನಯ್ಯನ ಕೈಲಿ ಏಟು ತಿಂದಿದ್ದ. ಮಾರನೆಯ ಬೆಳಿಗ್ಗೆ ಅವನೇ ಚೆನ್ನಯ್ಯನ ಮನೆಗೆ ಬಂದು, ಕೂರಲಾರದೆ ನಿಂತುಕೊಂಡೇ ಹೊಗೆಸೊಪ್ಪು ಕೇಳಿದ.

"ತಪ್ಪು ತಿಳ್ಕಬ್ಯಾಡ ಗಿಡ್ಡಣ್ಣ" ಎಂದ ಚೆನ್ನಯ್ಯ.

"ನಿನ್ನ ಕೈ ನಿಂದಲ್ಲ ಬುಡು" ಎಂದ ಗಿಡ್ಡಯ್ಯ.

ಎರಡನೇ ಎಲೆಕ್ಷನ್ ಆದ ವರ್ಷ ಹಾಸನದ ಮಿಶನ್ನಿನಿಂದ ಒಬ್ಬ ಉಪದೇಶಿ ಸೈಕಲ್ಲಿನಲ್ಲಿ ಕೇರಿಗೆ ಬರತೊಡಗಿದ. ಹೊಂಗೆಮರದ ಕೆಳಗೆ ಕೂತು ಏಸುಸ್ವಾಮಿಯ ಕಥೆ ಹೇಳುತ್ತಿದ್ದ. ನಮ್ಮ ಚಾಪೆಯ ಮೇಲೆ ಕೂರುತ್ತಿದ್ದ, ನಮ್ಮ ನೀರು ಕುಡಿಯುತ್ತಿದ್ದ. ಅದಕ್ಕಾಗಿಯೇ ಜನ ಕೇಳುತ್ತಿದ್ದರು. ಒಂದು ಭಾನುವಾರ ಕೆನ್ನೆಯ ಮಾತು ಬಂತು. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ತೋರಿಸಿ ಎಂದ.

ಚೆನ್ನಯ್ಯನ ಹೆಂಡತಿ ಮುದ್ದಮ್ಮನ ತಮ್ಮ ಬೈರಯ್ಯ ನಕ್ಕುಬಿಟ್ಟ. "ನಮ್ ಕೆನ್ನೆ ಮುಟ್ಟಿದ್ರೆ ಗೌಡ್ರು ತಲೆಗೆ ನೀರು ಉಯ್ಕೊಬೇಕು ಸಾ. ಚಳೀಲಿ ಯಾವೋನು ಮುಟ್ಟಾನು?"

ಎಲ್ಲರೂ ನಕ್ಕರು. ಉಪದೇಶಿಯೂ ನಕ್ಕ.

ಬೈರಯ್ಯ ಬಿಡಲಿಲ್ಲ. ಅರಕಲಗೂಡಿನ ರಸ್ತೆ ಕೆಲಸದಲ್ಲಿ ಕೂಲಿ ಮಾಡಿ ಅವನು ತನ್ನ ಗುಡಿಸಲಿಗೆ ಹಲಸಿನ ಹಲಗೆಯ ಬಾಗಿಲು ಇಡಿಸಿದ್ದ. ಉಳಿದ ಗುಡಿಸಲುಗಳಿಗೆಲ್ಲ ಬಿದಿರು ತಟ್ಟಿ. "ನಾನಾಗಿ ಯಾವನ ತಂಟೆಗೂ ಓಗಾಕಿಲ್ಲ ಸಾ. ನನ್ನ ಬಾಗ್ಲಿಗೆ ಬಂದು ಕೈ ಆಕುದ್ರೆ ಆ ಕೈ ಮುರೀತೀನಿ. ಅದ್ರಾಗೆ ಏನು ತಪ್ಪು?"

"ತಪ್ಪೇ ಬೈರಯ್ಯ. ಆಗ ನಿನ್ನ ಕೈಗೂ ಅವನ ಕೈಗೂ ಏನು ವ್ಯತ್ಯಾಸ ಉಳಿಯುತ್ತೆ?"

"ಗೌಡ್ರ ಕೈಗೆ ಬೆಳ್ಳಿ ಕಡಗ ಐತಲ್ಲ ಸಾ."

ನಗು ನಿಂತ ಮೇಲೆ ಚೆನ್ನಯ್ಯ ಕೇಳಿದ: "ನಂಗೆ ಯಾರೂ ಒಡಿಯಾಕಿಲ್ಲ ಸಾ. ಒಡಿಯೋನೇ ನಾನು. ನಾನೇನು ಮಾಡ್ಲಿ?"

ಉಪದೇಶಿ ಕನ್ನಡಕ ತೆಗೆದು ಒರೆಸಿಕೊಂಡ. "ಹೊಡೀಬೇಡ" ಎಂದ.

"ಗದ್ದೆ ಓಯ್ತದೆ ಸಾ."

ಉಪದೇಶಿ ಕನ್ನಡಕ ಹಾಕಿಕೊಂಡು ಎದ್ದ. ಅವನ ಸೈಕಲ್ಲು ಕೇರಿ ದಾಟಿದ ಮೇಲೆ ಮುದ್ದಮ್ಮ ಹೇಳಿದಳು: "ಅವ್ರಿಗೇನು. ತಿಂಗ್ಳಾದ್ರೆ ಸಂಬ್ಳ ಬತ್ತದೆ."

ಶ್ರಾವಣದಲ್ಲಿ ಗೌಡರ ಮಗ ಪುಟ್ಟರಾಜು ಬಿಟ್ಟಿ ಕೆಲಸಕ್ಕೆ ಬೈರಯ್ಯನನ್ನು ಕರೆಸಿದ. ಬೈರಯ್ಯ ಹೋಗಲಿಲ್ಲ. ಪುಟ್ಟರಾಜು ಇಬ್ಬರು ಆಳುಗಳೊಂದಿಗೆ ಬಂದು, "ಒಲೆಯನ ಮನೇಲಿ ಕದಿಯಾಕೆ ಏನೈತೆ ಅಂತ ಬಾಗ್ಲು ಬೇಕ್ಲಾ?" ಎಂದು ಬಾಗಿಲು ಕೀಳಿಸತೊಡಗಿದ. ಬೈರಯ್ಯ ಎರಡು ಸಲ ಬೇಡ ಎಂದ. ಮೂರನೆಯ ಸಲ ಬಾಗಿಲ ಅಗುಳಿ ತೆಗೆದುಕೊಂಡು ಬೀಸಿದ. ಪುಟ್ಟರಾಜುವಿನ ಮುಂಗೈ ಮುರಿಯಿತು. ಆಳುಗಳು ಬಾಗಿಲು ಹೊತ್ತುಕೊಂಡೇ ಓಡಿದರು.

ಪೋಲೀಸಿಗೆ ಕೊಡೋಣ ಎಂದವರಿಗೆ ಗೌಡರು, "ಒಲೆಯನ ಕೈಲಿ ನನ್ನ ಮಗ ಏಟು ತಿಂದ ಅಂತ ಟೇಸನ್ನಾಗೆ ಬರಸ್ಲೇನ್ಲಾ? ಆಮ್ಯಾಕೆ ಯಾವ ಮೊಕ ಇಟ್ಕೊಂಡು ಸಂತೆಗೆ ಓಗ್ಲಿ?" ಎಂದರು.

ಚಾವಡಿಯಲ್ಲೇ ಏಟು ಹಾಕಿಸುವುದೆಂದು ಆಯಿತು. ಬೈರಯ್ಯ ತಾನಾಗಿಯೇ ಬಂದ. ಅವನಿಗೆ ಬಾಗಿಲು ವಾಪಸು ಬೇಕಾಗಿತ್ತು. ಊರು ಸುತ್ತ ನಿಂತಿತ್ತು. ನಾವು ಅದರ ಹಿಂದೆ, ಬೇಲಿಯ ಆಚೆ.

"ಚೆನ್ನ, ಸುರು ಮಾಡ್ಲಾ."

ಚೆನ್ನಯ್ಯ ಬಗ್ಗಿ ಬರಲನ್ನು ನೆಲಕ್ಕೆ ಇಟ್ಟ.

"ಯಾಕ್ಲಾ? ಕೈ ನೋವಾ?"

"ಇಲ್ಲ ಬುದ್ಧಿ. ಕೈ ಚೆನ್ನಾಗೈತೆ. ಒಡಿಯಾಕಿಲ್ಲ."

"ಎಂಡ್ತಿ ತಮ್ಮ ಅಂತಲೋ?"

"ಅಲ್ಲ ಬುದ್ಧಿ. ನಾಳೀಕೆ ಬ್ಯಾರೆಯೋನ್ನ ನಿಲ್ಸಿದ್ರೂ ಒಡಿಯಾಕಿಲ್ಲ."

ಗೌಡರು ಎಲೆ ಅಡಿಕೆ ಉಗಿದರು. ಅದು ಚೆನ್ನಯ್ಯನ ಕಾಲ ಹತ್ತಿರ ಬಿತ್ತು. "ಆ ಸೈಕಲ್ ಪಾದ್ರಿ ಏಳ್ಕೊಟ್ಟಿದ್ದೇನೋ ಇದು, ಸೂಳೆಮಗನೆ. ಅಂಗಾದ್ರೆ ಗದ್ದೇನೂ ಅವನ್ನೇ ಕೇಳ್ಕೊ. ಕೆರೆ ಕೆಳಗೆ ಇನ್ನು ಕಾಲಿಕ್ಕಬ್ಯಾಡ. ಬುಟ್ಯಾ?"

"ಬುಟ್ಟೆ ಬುದ್ಧಿ."

ಬೇಲಿಯ ಆಚೆ ಮುದ್ದಮ್ಮ ನಿಂತಲ್ಲೇ ಕುಳಿತಳು. ಗದ್ದೆಯಲ್ಲಿ ಪೈರು ಮೊಣಕಾಲುದ್ದ ಇತ್ತು.

ಗೌಡರು ಬೈರಯ್ಯನ ಕಡೆ ತಿರುಗಿದರು. "ನೀನು ಕೈ ಮಾಡೋ ಗಂಡ್ಸು ಅಲ್ವೇನ್ಲಾ ಬೈರ. ತಗೋ ಆ ಬರ್ಲು. ನಿನ್ನ ಬಾವನ ಬೆನ್ನು ಸುಲಿ. ನಿನ್ನ ತಪ್ಪು ವಜಾ. ಬಾಗ್ಲೂ ತಗೊಂಡೋಗು."

ಬೈರಯ್ಯ ಬರಲು ಎತ್ತಿಕೊಂಡ. ಚೆನ್ನಯ್ಯ ಅಂಗಿ ಕಳಚಿ ಹೆಗಲಿಗೆ ಹಾಕಿಕೊಂಡು ಬೆನ್ನು ತಿರುಗಿಸಿದ.

"ಒಡಿ ಕಣ್ಲಾ ಬೈರ. ಬಾಗ್ಲಾದ್ರೂ ಉಳ್ಕಳ್ಳಿ."

"ನೀನು ನಂಗೇನು ಮಾಡಿದ್ದೀಯ ಬಾವ?"

"ಏನೂ ಇಲ್ಲ."

"ಮತ್ತೆ ನಿಂಗ್ಯಾಕೆ ಒಡೀಲಿ? ಮಾಡ್ದೋನು ಅಲ್ಲಿ ಕುಂತವ್ನೆ."

ಬೈರಯ್ಯ ಜಗಲಿಯ ಮೊದಲ ಮೆಟ್ಟಿಲು ಹತ್ತಿದ. ಆ ಮೆಟ್ಟಿಲನ್ನು ನಮ್ಮಲ್ಲಿ ಯಾರೂ ಹತ್ತಿದ್ದಿಲ್ಲ. ಗೌಡರು ಕೂತಲ್ಲಿಂದ ಗೋಡೆಗೆ ಸರಿದರು. ಬರಲು ಮೇಲೆ ಹೋಯಿತು. ಅಷ್ಟರಲ್ಲಿ ಚೆನ್ನಯ್ಯ ಓಡಿಬಂದು ನಡುವೆ ನಿಂತ. ಬೀಸಿದ ಕೈಯನ್ನು ಬೈರಯ್ಯ ತಡೆಯಲಾರದೆ ಹೋದ. ಬರಲಿನ ತುದಿ ಚೆನ್ನಯ್ಯನ ಬಲಗಣ್ಣಿನೊಳಕ್ಕೆ ಹೊಕ್ಕಿತು.

ಚೆನ್ನಯ್ಯ ಮುಖ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕುಳಿತ. ಬೆರಳ ಸಂದಿಯಿಂದ ರಕ್ತ ಬಂತು.

ಗೌಡರು ಗೋಡೆ ಬಿಟ್ಟು ಮುಂದೆ ಸರಿದರು. "ಬಾವಂಗೇ ಏಟು ಬಿತ್ತಲ್ಲ. ನಾನು ಏಳಿದ್ದೂ ಅದೇಯ" ಎಂದರು.

ಆಮೇಲೆ ಊರಿನವರು ಬೈರಯ್ಯನ ಮೇಲೆ ಬಿದ್ದರು. ಮುಟ್ಟದೆ ಹೊಡೆಯಬೇಕಾದ್ದರಿಂದ ಕಲ್ಲು ತೆಗೆದುಕೊಂಡರು. ಅವನು ಬರಲು ಬಿಸಾಡಿ ಕೆರೆ ಏರಿಯ ಮೇಲೆ ಓಡಿದ. ತಲೆ ಒಡೆದಿತ್ತು. ಏರಿಯ ತುದಿಯಲ್ಲಿ ಒಮ್ಮೆ ಬಿದ್ದು ಎದ್ದದ್ದು ಕಂಡಿತು. ಆಮೇಲೆ ಅವನನ್ನು ಕಂಡವರಿಲ್ಲ.

ಹಾಸನದ ಆಸ್ಪತ್ರೆಗೆ ಚೆನ್ನಯ್ಯನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದವನು ಉಪದೇಶಿಯೇ. ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ ಮಂಚದ ಪಕ್ಕ ನಿಂತು ಚೆನ್ನಯ್ಯನ ಕೈ ಹಿಡಿದುಕೊಂಡ. "ನಿನ್ನ ಶತ್ರುವಿಗೆ ಬೀಳೋ ಏಟು ನೀನು ತಗೊಂಡೆ. ನಾನು ಬಾಯಲ್ಲಿ ಹೇಳ್ತಿದ್ದದ್ದನ್ನ ನೀನು ಮಾಡಿದೆ" ಎಂದ. ಅವನ ಕಣ್ಣಲ್ಲಿ ನೀರಿತ್ತು.

"ನೀವು ವಸಿ ಸುಮ್ಕಿರಿ ಸಾ" ಎಂದಳು ಮುದ್ದಮ್ಮ. ಗಂಡನ ಮುಖದ ಹತ್ತಿರ ಬಗ್ಗಿದಳು. "ಏಸಪ್ಪ ಏಳವ್ನೆ ಅಂತ ಅಡ್ಡ ಓದ್ಯಾ, ಗೌಡನ ತೋಟಿ ಅಂತ ಅಡ್ಡ ಓದ್ಯಾ? ನಿಜ ಏಳು."

ಚೆನ್ನಯ್ಯ ಉಳಿದ ಕಣ್ಣನ್ನು ಅವಳತ್ತ ತಿರುಗಿಸಿದ.

"ಗೊತ್ತಾಗ್ನಿಲ್ಲ ಕಣೆ. ಕಾಲು ತಾವಾಗೇ ಓದ್ವು."

ಅವನು ಊರಿಗೆ ಮರಳುವ ಮೊದಲೇ ತೋಟಿ ಚಾಕರಿ ಕೇಳಿಕೊಂಡು ಕೇರಿಯಿಂದ ಮೂವರು ಗೌಡರ ಹಿತ್ತಲಿಗೆ ಹೋಗಿ ಬಂದಿದ್ದರು.

ಹೋದದ್ದು ಇಷ್ಟು: ಒಂದು ಕಣ್ಣು, ಪೈರಿದ್ದ ಹದಿನಾಲ್ಕು ಗುಂಟೆ, ಹಲಸಿನ ಬಾಗಿಲು ಒಂದು, ಬೈರಯ್ಯ.