ಎಡಗಣ್ಣಿಗೆ ನಿಲ್ಲದ ಗಾಗಲ್ಸ್

ಬೆಳಗಿನ ಈಜಿನ ಅಭ್ಯಾಸದಲ್ಲಿ ಯಾರದೋ ಹಿಮ್ಮಡಿ ತಾಗಿ ನನ್ನ ಅಕ್ಕ ಬ್ರಿಟಾಳ ಗಾಗಲ್ಸ್ ಸೀಳಿತು. ಇನ್ನೊಂದು ಜೊತೆ ದೂರದ ನಮ್ಮೂರು ಡುಲುತ್‌ನ ಮನೆಯಲ್ಲಿ, ಬಚ್ಚಲಿನ ಮೊಳೆಗೆ ನೇತಾಡುತ್ತಿತ್ತು. ಅದು ಶಾಲೆಯ ಕೊನೆಯ ಪಂದ್ಯ. ಬಟರ್‌ಫ್ಲೈ ಈಜಿನಲ್ಲಿ ಅಂದು ಬೇಕಾದ ಟೈಮ್ ಸಿಗದಿದ್ದರೆ ಕಾಲೇಜಿನ ತಂಡದಲ್ಲಿ ಅವಳಿಗೆ ಜಾಗವಿಲ್ಲ.

ಚಿಕ್ಕಂದಿನಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಐಸ್ ಹಾಕಿಯ ಬಿಲ್ಲೆ ಬಡಿದು ಅವಳ ಎಡಗೆನ್ನೆಯ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಹಾಗಾಗಿ ಮೂಗಿನ ಮೇಲಿನ ದಾರವನ್ನು ತಾನೇ ಅಳೆದು ಕಟ್ಟಿಕೊಳ್ಳುವ ಗಾಗಲ್ಸ್ ಮಾತ್ರ ಅವಳಿಗೆ ಒಗ್ಗುತ್ತಿತ್ತು.

ಈಜುಕೊಳದ ಬಾಗಿಲಲ್ಲಿ ಮೇಜು ಹಾಕಿಕೊಂಡು ಗಾಗಲ್ಸ್ ಮಾರುತ್ತಿದ್ದ ವರ್ನಾ ಒಂದೊಂದೇ ಜೊತೆ ಕೊಟ್ಟಳು. ತಲೆಯ ಪಟ್ಟಿ ಹಾಕದೆ ಕಣ್ಣಿಗೆ ಒತ್ತಿ ಕೈ ಬಿಡಬೇಕು. ಒಂದು ಉಸಿರಿನಷ್ಟು ಹೊತ್ತು ಅಂಟಿ ನಿಂತರೆ ಅದು ನಿಮ್ಮ ಅಳತೆಯದು. ಬಲಗಣ್ಣಿಗೆ ಎಲ್ಲವೂ ನಿಂತವು. ಎಡಗಣ್ಣಿನಿಂದ ಎಲ್ಲವೂ ಕಳಿತ ಹಣ್ಣಿನಂತೆ ಉದುರಿದವು.

"ದಾರ ಕಟ್ಟೋ ಥರದ್ದು ಇಲ್ವಾ?" ಎಂದಳು ಬ್ರಿಟಾ.

"ಬೆಳಿಗ್ಗೇನೇ ಖಾಲಿ ಕಣಮ್ಮಾ," ಎಂದಳು ವರ್ನಾ.

"ಬಲಗಡೆಯಿಂದ ನೋಡಿದ್ರೆ ರಾಣಿ, ಎಡಗಡೆಯಿಂದ ರಾಣಿ ಕುದುರೆ ಕಣೇ ನೀನು," ಎಂದೆ, ನಗಿಸಲು.

"ಬಾಯ್ಮುಚ್ಚು, ಸಿಗ್ನೆ."

ಅಜ್ಜಿಯ ಕಥೆಗಳಲ್ಲಿ ಇಂಥ ಹೊತ್ತಿಗೆ ಮೀನೊಂದು ಉಂಗುರ ಕಚ್ಚಿಕೊಂಡು ಮೇಲೆ ಬರುತ್ತದೆ. ನಾನು ಪೆದ್ದಿಯಂತೆ ನೀರನ್ನೇ ನೋಡಿದೆ.

ಕೊನೆಗೆ ಬ್ರಿಟಾ ಒಂದನ್ನು ಆರಿಸಿ ಪಟ್ಟಿಯನ್ನು ಎಳೆದು ಬಿಗಿದಳು.

"ಬಿಗಿದ್ರೆ ಅಂಚು ಎದ್ದೇಳತ್ತೆ ಅಂತ ನೀನೇ ಹೇಳ್ಕೊಟ್ಟಿದ್ದಲ್ವೇನೇ?"

"ಮತ್ತೇನ್ ಮಾಡ್ಲಿ, ಹೇಳು!"

ಧುಮುಕುವಾಗ ಜಾರದಿರಲೆಂದು, ನಾವೆಲ್ಲ ಮಾಡುವ ಹಾಗೆ, ಪಟ್ಟಿಯ ಮೇಲೊಂದು ಎರಡನೆಯ ಈಜುಟೋಪಿ ಎಳೆದುಕೊಂಡಳು.

ಧುಮುಕಿದೊಡನೆ ಎಡಗಣ್ಣಿನ ಗಾಜಿನೊಳಗೆ ನೀರು ತುಂಬಿತು. ಬರೀ ಪಟ್ಟಿಯಾಗಿದ್ದರೆ ತಿರುವಿನಲ್ಲಿ ಕುತ್ತಿಗೆಗೆ ಜಾರಿಸಬಹುದಿತ್ತು, ಟೋಪಿ ಬಿಡಲಿಲ್ಲ. ಆದರೂ ಮುಂದಿದ್ದಳು. ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಎದುರು ದಡದ ಕೊನೆಯ ತಿರುವಿನಲ್ಲಿ ಅವಳಿಗೆ ಗೋಡೆ ಎಲ್ಲಿದೆಯೆಂದು ತಿಳಿಯಲಿಲ್ಲ. ಎರಡೂ ಕೈ ಒಟ್ಟಿಗೆ ತಾಗಬೇಕು, ಇಲ್ಲದಿದ್ದರೆ ಈಜಿದ್ದೆಲ್ಲ ರದ್ದು. ಬಲಗೈ ಮೊದಲು ಬಡಿಯಿತು. ಅಲ್ಲಿ ನಿಂತಿದ್ದ ತೀರ್ಪುಗಾರ್ತಿ ತಪ್ಪಾಯಿತೆಂದು ಸದ್ದಿಲ್ಲದೆ ಕೈ ಎತ್ತಿದಳು. ಬ್ರಿಟಾ ಅದನ್ನು ನೋಡಲಿಲ್ಲ. ಉಳಿದ ದೂರವನ್ನು ಗೆಲ್ಲುವವಳಂತೆಯೇ ಈಜಿದಳು.

ದಡ ಹಿಡಿದು ಏದುಸಿರಲ್ಲೇ ಮುಖವೆತ್ತಿದಳು. "ಕಣ್ಣು ಉರೀತಿದೆ, ಬೋರ್ಡ್ ಕಾಣಿಸ್ತಿಲ್ಲ. ಟೈಮ್ ಸಿಕ್ತಾ? ಓದೇ, ಸಿಗ್ನೆ!"

ಬೋರ್ಡಿನ ಮೇಲೆ ಅವಳ ಟೈಮಿನ ಅಂಕಿ ಇನ್ನೂ ಬೆಳಗುತ್ತಿತ್ತು. ಬೇಕಾದ್ದಕ್ಕಿಂತ ಚೆನ್ನಾಗಿಯೇ ಇತ್ತು. ಓದಿದೆ.

ಅವಳು ಎರಡೂ ಕೈಯಿಂದ ನೀರನ್ನು ಬಡಿದು ಕೇಕೆ ಹಾಕಿದಳು. ಅವಳ ಬೆನ್ನ ಹಿಂದೆ, ಒದ್ದೆ ದಡದ ಮೇಲೆ ಅವಸರವಿಲ್ಲದೆ, ತೀರ್ಪುಗಾರ್ತಿ ನಮ್ಮತ್ತ ನಡೆದು ಬರುತ್ತಿದ್ದಳು.