ತಲೆಯ ಮೇಲಿನ ಸುತ್ತು

ಮಿರಜಿನಲ್ಲಿ ಗಂಟಲಿನ ಆಪರೇಶನ್ ಆದಮೇಲೆ ಅಮೋಗಸಿದ್ದನ ದನಿ ಹೋಗಿಬಿಟ್ಟಿತ್ತು. ಎದುರಿಗೆ ಕುಳಿತವನಿಗೂ ಗುಟ್ಟು ಹೇಳಿದ ಹಾಗೆ ಕೇಳುತ್ತಿತ್ತು ಅವನ ಮಾತು. ಬೇರೆ ಕುರಿಗಾರರು ಕೂಗಿಯೋ ಸಿಳ್ಳೆ ಹಾಕಿಯೋ ಹಿಂಡು ತಿರುಗಿಸಿದರೆ, ಇವನು ತನ್ನ ಕುರಿಗಳಿಗೆ ಎಲ್ಲವನ್ನೂ ಕೋಲಿನಿಂದಲೇ ಕಲಿಸಿದ. ಕೋಲು ನೆಲಕ್ಕೆ ಮಲಗಿಸಿ ಹೋದರೆ ಅವನು ಬರುವ ತನಕ ಅಲ್ಲೇ ಮೇಯಬೇಕು. ತಲೆಯ ಮೇಲೆ ಎತ್ತಿ ಗಿರ್ರನೆ ಸುತ್ತು ತಿರುಗಿಸಿದರೆ ಎಲ್ಲಿದ್ದರೂ ಮೇವು ಬಿಟ್ಟು ಅವನ ಕಡೆ ಬರಬೇಕು. ಉಟಗಿ ದಾರಿಯ ಮೇಲಿನ ನಮ್ಮ ಊರಲ್ಲಿ ಮಾತು ಕೇಳದ ಮಕ್ಕಳಿಗೆ ತಾಯಂದಿರು, ಹೋಗಿ ಅಮೋಗಸಿದ್ದನ ಕುರಿ ನೋಡಿ ಕಲಿತು ಬರ್ರಿ ಎಂದು ಬೈಯುತ್ತಿದ್ದರು.

ಇದರಲ್ಲಿ ಅವನ ಕಷ್ಟ ಏನಿದೆ ಎಂದು ನಮ್ಮ ಜನ ಯೋಚಿಸಲಿಲ್ಲ. ಆ ಕೋಲಿಗೆ ಬೀರಪ್ಪನ ಭಂಡಾರ ಹಚ್ಚಿದ್ದಾನೆ, ಅದಕ್ಕೇ ಕುರಿ ಕೇಳುತ್ತವೆ ಎಂದು ಊರೆಲ್ಲ ಮಾತಾಡಿಕೊಂಡಿತು. ಕೋಲಿನ ತುದಿಗೆ ಅರಿಶಿನ ಇದ್ದದ್ದೂ ನಿಜ. ಕೇಳಿ ಕೇಳಿ ಅಮೋಗಸಿದ್ದನೂ ಅರ್ಧ ನಂಬಿದ್ದ.

ಅವನ ಮಗಳು ಸೋನಾಲಿ ಕನ್ನಡ ಸಾಲೆಯಲ್ಲಿ ಏಳನೇ ಇಯತ್ತೆ. ಈ ವರ್ಷ ಸವ್ವೀಸ ಜಾನೆವಾರಿ, ಅಂದರೆ ಗಣರಾಜ್ಯೋತ್ಸವದ ದಿನ ಬ್ಯಾಂಡಿನ ಮುಂದೆ ಕೋಲು ತಿರುಗಿಸುತ್ತ ನಡೆಯುವ ಮಾನ ಅವಳಿಗೆ ಸಿಕ್ಕಿತ್ತು. ಸಾಲೆಯ ಆ ಕೋಲು ಗಿಡ್ಡದು, ತುದಿಗೆ ಬೆಳ್ಳಿ ಬಣ್ಣದ ಗುಂಡು. ಅದು ಬೆರಳುಗಳ ನಡುವೆ ಹಾದು, ಮಣಿಕಟ್ಟಿನ ಮೇಲೆ ಹೊರಳಿ, ಕೊನೆಗೆ ತಲೆಯ ಮೇಲೆ ಗಾಲಿಯಂತೆ ತಿರುಗಬೇಕು. ಕೈತಪ್ಪಿ ಬಿತ್ತೋ, ಡೋಲು ಬಾರಿಸುವವರಿಂದ ಹಿಡಿದು ಬಾಲವಾಡಿಯ ಕೂಸಿನವರೆಗೆ ಎಲ್ಲರೂ ನಗುತ್ತಾರೆ.

ಕಲಿಸಿದವರು ದಾಕ್ಷಾಯಣಿ ಅಕ್ಕೋರು. ಅವರೂ ಇದೇ ಸಾಲೆಯಲ್ಲಿ ಕಲಿತವರು. ಅವರ ಕಾಲಕ್ಕೆ ಹುಡುಗಿಯರಿಗೆ ಲೇಜೀಮು ಒಂದೇ. ಕೋಲು ಹಿಡಿದು ಮುಂದೆ ನಡೆಯುವುದು ಎತ್ತರದ ಹುಡುಗನ ಹಕ್ಕು. ಒಂದು ವರ್ಷ ಆ ಹುಡುಗನಿಗೆ ಜ್ವರ ಬಂದು, ಗುರುಜಿ ಬೇರೆ ದಾರಿ ಕಾಣದೆ ದಾಕ್ಷಾಯಣಿಯ ಕೈಗೆ ಕೋಲು ಕೊಟ್ಟರು. ಮನೆಗೆ ಬಂದಾಗ ಅವರ ಅಜ್ಜ, ಮೊಮ್ಮಗಳು ಊರ ಮುಂದೆ ಕುಣಿದು ಬಂದಳು ಎಂದು ಎರಡು ದಿನ ಮಾತು ಬಿಟ್ಟಿದ್ದನಂತೆ. ಈಗ ಹುಡುಗಿಯರೇ ನಾ ಮುಂದು ತಾ ಮುಂದು ಎಂದು ಬರುತ್ತಾರೆ. ಅಕ್ಕೋರು ಎಲ್ಲರಿಗೂ ಹೇಳಿಕೊಡುವುದು ಒಂದೇ ಪಾಠ: ಕೋಲನ್ನು ನೋಡಬೇಡ, ಎದುರಿಗಿದ್ದವರ ಮುಖ ನೋಡು, ಕೋಲು ತಾನಾಗಿ ಕೈಗೆ ಬರುತ್ತದೆ.

ಸಾಲೆಯಲ್ಲಿ ಇದ್ದದ್ದು ಅದೊಂದೇ ಕೋಲು, ಸಂಜೆಯ ತಾಲೀಮು ಮುಗಿದ ಕೂಡಲೇ ಕಪಾಟು ಸೇರುತ್ತಿತ್ತು. ಹೀಗಾಗಿ ಸೋನಾಲಿ ಮನೆಯಲ್ಲಿ ಅಪ್ಪನ ಕೋಲು ಹಿಡಿದಳು. ತಾಯಿ ಚಂದ್ರಾಬಾಯಿ ಗೊಣಗಿದಳು. ಅಮೋಗಸಿದ್ದ ಮಾತ್ರ ಮಗಳ ಕೈಚಳಕ ನೋಡಿ ಒಳಗೊಳಗೇ ಹಿಗ್ಗಿ, ತಿರುಗಿಸಲಿ ಬಿಡು ಎಂದ. ಅವನು ಹಾಕಿದ ಷರತ್ತು ಒಂದೇ. ಕುರಿ ಹಟ್ಟಿ ಸೇರಿ ಬಾಗಿಲಿಗೆ ಮುಳ್ಳು ಎಳೆದ ಮೇಲೆ ಮಾತ್ರ ಕೋಲು ಮುಟ್ಟಬೇಕು.

ಡಿಸೆಂಬರಿನ ಒಂದು ಭಾನುವಾರ ಕುರಿ ತೊಗರಿ ಕೊಯ್ದ ಹೊಲದಲ್ಲಿದ್ದವು. ಅಮೋಗಸಿದ್ದ ಕೋಲು ನೆಲಕ್ಕೆ ಮಲಗಿಸಿ, ಮಗಳಿಗೆ ಕುರಿ ನೋಡಲು ಹೇಳಿ, ನೀರು ತರಲು ಬಾವಿಗೆ ಹೋದ. ತಲೆಯ ಮೇಲಿನ ಸುತ್ತು ಸೋನಾಲಿಗೆ ಇನ್ನೂ ಒಮ್ಮೆಯೂ ನೆಟ್ಟಗೆ ಬಂದಿರಲಿಲ್ಲ. ನೆಲದ ಮೇಲಿನ ಕೋಲು ನೋಡಿ ಅವಳ ಕೈ ಕಡಿಯತೊಡಗಿತು. ರಸ್ತೆ ದಾಟಿ ಆಚೆ ಬದುವಿಗೆ ಹೋದರೆ ಕುರಿಗೆ ಕಾಣಿಸುವುದಿಲ್ಲ ಎಂದುಕೊಂಡಳು. ಬದುವಿನ ಮೇಲೆ ನಿಂತು, ಎದುರಿಗೆ ಮುಖ ಇಲ್ಲದ್ದಕ್ಕೆ ಒಂದು ಜಾಲಿಗಿಡವನ್ನೇ ಮುಖ ಮಾಡಿಕೊಂಡು ಕೋಲು ಎತ್ತಿದಳು. ಮೊದಲ ಸಲ ಬಿತ್ತು. ಎರಡನೆಯ ಸಲ ಸುತ್ತು ಬಂತು. ಬಂದದ್ದೇ ತಡ, ಅವಳಿಗೆ ಲೋಕವೇ ಮರೆತುಹೋಯಿತು. ಮತ್ತೆ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಬೆನ್ನ ಹಿಂದೆ ಕುರಿಗಳು ಕತ್ತೆತ್ತಿದ್ದು, ಒಂದರ ಹಿಂದೆ ಒಂದು ರಸ್ತೆಗೆ ಇಳಿದದ್ದು ಅವಳಿಗೆ ತಿಳಿಯಲಿಲ್ಲ.

ಹಾರ್ನಿನ ಸದ್ದಿಗೆ ತಿರುಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಉಟಗಿಯಿಂದ ಮಂದಿ ತರಲು ಖಾಲಿ ಹೊರಟಿದ್ದ ನಮ್ಮೂರ ಮಲ್ಲುವಿನ ಬಾಡಿಗೆ ಜೀಪು ತೊಗರಿ ಹೊಲದ ಕಡೆಯ ತಗ್ಗಿಗೆ ಇಳಿದು ನಿಂತಿತ್ತು. ಗಂಟೆ ಕಟ್ಟಿದ ಮುಂದಾಳು ಟಗರು ಸತ್ತುಬಿದ್ದಿತ್ತು, ಪಕ್ಕದಲ್ಲಿ ಗಬ್ಬದ ಕುರಿಯೊಂದು ಕಾಲು ಬಡಿಯುತ್ತಿತ್ತು. ಉಳಿದವು ಬೆದರಿ ವಾಪಸು ಹೊಲಕ್ಕೆ ಓಡಿದ್ದವು. ಮಲ್ಲು ಕೆಳಗಿಳಿದು ಆ ಕುರಿಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ, ಅದೂ ಅಲ್ಲೇ ಪ್ರಾಣ ಬಿಟ್ಟಿತು. ಅವನು ಆ ಕಡೆ ತಿರುಗಿದ್ದಾಗ ಸೋನಾಲಿ ರಸ್ತೆ ದಾಟಿ ಬಂದು, ಕೋಲನ್ನು ಅಪ್ಪ ಮಲಗಿಸಿದ ಜಾಗದಲ್ಲೇ, ಮಲಗಿಸಿದ ಹಾಗೆಯೇ ಇಟ್ಟಳು. ಯಾಕೆ ಇಟ್ಟಳು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ಕೈ ತಾನೇ ಇಟ್ಟಿತು.

ಚಾವಡಿಯಲ್ಲಿ ಹಿರಿಯರು ಸೇರಿದರು. ಕುರಿ ತಾವಾಗಿ ರಸ್ತೆಗೆ ಬಂದವು, ತಪ್ಪಿಸಲು ಹೋಗಿ ಜೀಪು ತಗ್ಗಿಗೆ ಇಳಿಯಿತು ಎಂದು ಮಲ್ಲು ಹೇಳಿದ. ಆಮೇಲೆ ಅಮೋಗಸಿದ್ದ ಎದ್ದ. ಅವನ ಪಿಸುದನಿ ಕೇಳಲು ಎಲ್ಲರೂ ಮುಂದಕ್ಕೆ ಬಾಗಿದರು.

"ನನ್ನ ಕೋಲ ನೆಲದ ಮ್ಯಾಲ ಹಾಂಗ ಇತ್ತರಿ, ನಾ ಬಂದ ನೋಡೀನಿ. ಕೋಲ ಮಲಗಿದ್ದಾಗ ನನ್ನ ಕುರಿ ಎದ್ದು ಹೋಗಿದ್ದು ನಿಮ್ಮೊಳಗ ಯಾರರ ನೋಡೀರೇನು?"

ಯಾರೂ ನೋಡಿರಲಿಲ್ಲ. ಹಾಗಾದರೆ ಜೀಪೇ ರಸ್ತೆ ಬಿಟ್ಟು ಹೊಲಕ್ಕೆ ನುಗ್ಗಿರಬೇಕು ಎಂದು ಹಿರಿಯ ಸೋಮನಿಂಗಪ್ಪ ತೀರ್ಮಾನ ಕೊಟ್ಟ. ನಮ್ಮ ಜನಕ್ಕೆ ಮನುಷ್ಯನ ಮಾತಿಗಿಂತ ಅಮೋಗಸಿದ್ದನ ಕುರಿಗಳ ಮೇಲೆ ನಂಬಿಕೆ ಹೆಚ್ಚು. ಅದರಲ್ಲಿ ತಪ್ಪೂ ಇಲ್ಲ, ಕುರಿ ಸುಳ್ಳು ಹೇಳುವುದಿಲ್ಲ. ಅಮೋಗಸಿದ್ದ ಪರಿಹಾರ ಏನೂ ಬೇಡ ಎಂದು ಎದ್ದು ಹೋದ. ಆದರೆ ಮರುದಿನದಿಂದ ಮಲ್ಲುವಿನ ಜೀಪಿಗೆ ಯಾರೂ ಹತ್ತಲಿಲ್ಲ. ಮೂಕಪ್ರಾಣಿ ಕೊಂದು ಮೇಲೆ ಸುಳ್ಳು ಹೇಳಿದವನ ಪಕ್ಕ ಯಾರು ಕೂಡುತ್ತಾರೆ. ಎಸ್‌ಟಿ ಬಸ್ಸಿಗೆ ಗಂಟೆಗಟ್ಟಲೆ ಕಾದರು, ತಾಲೂಕಿನ ಊರು ಜತ್ತಕ್ಕೆ ತಡವಾಗಿ ಮುಟ್ಟಿದರು, ಜೀಪು ಮಾತ್ರ ಬೇವಿನ ಕೆಳಗೆ ನಿಂತೇ ಇತ್ತು. ಅದರ ಬಾನೆಟ್ಟಿನ ಮೇಲೆ ಕೋಳಿ ಕೂಡತೊಡಗಿದವು.

ಸೋನಾಲಿಗೆ ಒಂದು ಆಸೆ ಉಳಿದಿತ್ತು. ಕುರಿ ಬೇರೆ ಯಾತಕ್ಕೋ ಬೆದರಿ ಎದ್ದಿರಬಹುದು, ಅಥವಾ ಎಲ್ಲರೂ ಹೇಳುವಂತೆ ಭಂಡಾರದ ಕೋಲು ಅಪ್ಪನ ಕೈಯಲ್ಲಿದ್ದರೆ ಮಾತ್ರ ಕೇಳುತ್ತಿರಬಹುದು. ಒಂದು ಸಂಜೆ ಹಟ್ಟಿಯ ಹೊರಗೆ ನಿಂತು, ಬಣವೆಯಿಂದ ಒಣಗಿದ ಜೋಳದ ದಂಟೊಂದನ್ನು ಎಳೆದು ತಲೆಯ ಮೇಲೆ ತಿರುಗಿಸಿದಳು. ಕುರಿಗಳೆಲ್ಲ ಎದ್ದು ಬಂದು ಮುಳ್ಳಿನ ಬೇಲಿಗೆ ಮೂತಿ ಹಚ್ಚಿ ನಿಂತವು. ಆ ಆಸೆಯೂ ಹೋಯಿತು. ಅಂದಿನಿಂದ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳಾಯಿತು ಅವಳದು. ಯಾರು ಜೋರಾಗಿ ಕರೆದರೂ ತಿಳಿದೇಬಿಟ್ಟಿತು ಎಂದು ಬೆಚ್ಚಿ ತಿರುಗುತ್ತಿದ್ದಳು.

ಮಲ್ಲುವಿನ ತಾಯಿ ಶಿವಲಿಂಗವ್ವ ಒಂದು ದಿನ ಹಟ್ಟಿಗೆ ಬಂದಳು. ಹಣೆತುಂಬ ವಿಭೂತಿ, ಬಿಸಿಲಿಗೆ ಬತ್ತಿದ ಮುಖ. ಇರುವೆ ತುಳಿದರೂ ಶಿವಾ ಎನ್ನುವ ಮನೆತನದವಳು, ಮಗನ ಕೈಯಲ್ಲಿ ಎರಡು ಜೀವ ಹೋದವು ಎಂದು ಒಪ್ಪತ್ತು ಹಿಡಿದಿದ್ದಳು. ಮಧ್ಯಾಹ್ನ ಒಂದು ಊಟ, ರಾತ್ರಿ ಬರೀ ನೀರು. ಅವಳು ಅಮೋಗಸಿದ್ದನ ಮುಂದೆ ಮೊಣಕಾಲೂರಿ ಸೆರಗೊಡ್ಡಿ, ಹೊಟ್ಟೆಯೊಳಗಿನ ಮರಿ ಸೈತ ಹೋತಲ್ಲಪ್ಪಾ, ನನ್ನ ಮಗನ್ನ ಮಾಫ ಮಾಡು ಎಂದಳು. ಅವನು ಕಕ್ಕಾಬಿಕ್ಕಿಯಾಗಿ ಅವಳನ್ನು ಹಿಡಿದೆಬ್ಬಿಸಿದ. ಚಂದ್ರಾಬಾಯಿ ಮಗಳ ಕೈಯಲ್ಲಿ ನೀರು ಕೊಟ್ಟು ಕಳಿಸಿದಳು. ತಂಬಿಗೆ ಇಸಿದುಕೊಳ್ಳುವಾಗ ಮುದುಕಿ ಸೋನಾಲಿಯ ಗಲ್ಲ ಸವರಿ, ಈ ಕೂಸು ಅವತ್ತು ಎಷ್ಟು ಅಂಜಿತ್ತೋ ಏನೋ ಎಂದಳು.

ಸೋನಾಲಿ ಅಂದೇ ಹೇಳಿಬಿಡಬೇಕಿತ್ತು. ಬಾಯಿಯವರೆಗೆ ಬಂದಿತ್ತು. ಹೇಳಿದರೆ ಕೋಲು ಹೋಗುತ್ತದೆ, ಬ್ಯಾಂಡಿನ ಮುಂದಿನ ಜಾಗ ಹೋಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪ ಚಾವಡಿಯಲ್ಲಿ ಆಡಿದ ಮಾತು ಸುಳ್ಳಾಗುತ್ತದೆ. ನುಂಗಿಕೊಂಡಳು. ರಾತ್ರಿ ಅವ್ವ ರೊಟ್ಟಿ ಬಡಿಸಿದಾಗ ಶಿವಲಿಂಗವ್ವನ ಬರೀ ನೀರು ನೆನಪಾಗಿ ತಾಟು ಹಾಗೇ ಬಿಟ್ಟು ಎದ್ದಳು.

ಅದಕ್ಕಿಂತ ಕೆಟ್ಟದ್ದು ಸವ್ವೀಸ ಜಾನೆವಾರಿಯ ಹಿಂದಿನ ಸಂಜೆ ಆಯಿತು. ಈಗ ಕೆಲಸವಿಲ್ಲದ ಮಲ್ಲು ಸಾಲೆಯ ಕಟ್ಟೆಗೆ ಬಂದು ತಾಲೀಮು ನೋಡುತ್ತ ಕೂಡುತ್ತಿದ್ದ. ಆ ಸಂಜೆ ಅವಳನ್ನು ಹತ್ತಿರ ಕರೆದ.

"ಅವತ್ತ ನೀ ಬದುವಿನ ಮ್ಯಾಲ ಸಾಲಿ ಕೋಲ ತಿರಗಸಾಕತ್ತಿದ್ದಿ ನೋಡವ್ವಾ, ಭಾಳ ಚಂದ ಕಾಣ್ತಿತ್ತು. ನಾ ಅದನ್ನ ನೋಡಿಕೋತ ಬಂದೆ. ನನ್ನ ಲಕ್ಷನ ತಪ್ಪಿರಬೇಕು. ಕುರಿ ಮೊದಲ ರಸ್ತೆಗೆ ಬಂದ್ವೋ, ನಾನ ಮೊದಲ ಇಳದೆನೋ, ಈಗ ನನಗೂ ಖಾತ್ರಿ ಇಲ್ಲ. ಚಾವಡ್ಯಾಗ ನಿನ್ನ ಹೆಸರ ತಗಿಲಿಲ್ಲ. ಸಣ್ಣ ಹುಡುಗಿಗೆ ಯಾಕ ತ್ರಾಸು."

ಅವನ ಕಣ್ಣಲ್ಲಿ ಕಪಟ ಇರಲಿಲ್ಲ. ಮಾಡದ ತಪ್ಪನ್ನು ಆ ಮನುಷ್ಯ ತಾನೇ ಹುಡುಕಿ ಹುಡುಕಿ ತಲೆಯ ಮೇಲೆ ಹೊತ್ತುಕೊಂಡಿದ್ದ. ದೂರದಿಂದ ಅವನಿಗೆ ಅಪ್ಪನ ಕೋಲೇ ಸಾಲೆಯ ಕೋಲಿನ ಹಾಗೆ ಕಂಡಿತ್ತು. ಅಂದಿನ ತಾಲೀಮಿನಲ್ಲಿ ಕೋಲು ನಾಲ್ಕಾರು ಸಲ ಕೆಳಗೆ ಬಿತ್ತು. ತಲೆಯ ಮೇಲಿನ ಸುತ್ತು ಬೇಡ ಅನಿಸಿದರೆ ನಡುವಿನ ಹತ್ತಿರವೇ ತಿರುಗಿಸಿ ಮುಗಿಸು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಅಕ್ಕೋರು ಸಮಾಧಾನ ಹೇಳಿದರು. ಅವಳು ಹೂಂ ಅಂದಳು. ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತೇ ಅವಳನ್ನು ಇರಿದದ್ದು ಅಕ್ಕೋರಿಗೆ ಹೇಗೆ ತಿಳಿಯಬೇಕು.

ಮರುದಿನ ಊರೆಲ್ಲ ಸಾಲೆಯ ಮೈದಾನದಲ್ಲಿ ಸೇರಿತು. ಜನ್ಮದಲ್ಲಿ ಸಾಲೆ ಕಡೆ ತಲೆ ಹಾಕದ ಅಮೋಗಸಿದ್ದ ಅಂದು ಹಳದಿ ರುಮಾಲು ಸುತ್ತಿ ಮಗಳನ್ನು ನೋಡಲು ಬಂದಿದ್ದ. ಹಿಂಡನ್ನು ರಸ್ತೆಯಾಚೆಯ ಬೀಳು ಹೊಲದಲ್ಲಿ ಬಿಟ್ಟು, ಅಲ್ಲೇ ಕೋಲು ಮಲಗಿಸಿ, ಈಚೆ ಬಂದು ಎಲ್ಲರ ಮುಂದೆ ನಿಂತ. ಮಲ್ಲು ಹಿಂದೆ, ತನ್ನ ಜೀಪಿನ ಹತ್ತಿರ, ಒಬ್ಬನೇ ನಿಂತಿದ್ದ. ಅವನ ಅಕ್ಕಪಕ್ಕ ಜಾಗ ಖಾಲಿ ಇತ್ತು.

ಝೆಂಡಾ ಏರಿತು, ಡೋಲು ಶುರುವಾಯಿತು. ಸೋನಾಲಿ ಬೆಳ್ಳಿಗುಂಡಿನ ಕೋಲು ತಿರುಗಿಸುತ್ತ ಮೈದಾನ ಸುತ್ತಿ ಬಂದಳು. ಬೆರಳ ನಡುವೆ ಹಾಯಿಸಿದಳು, ಮಣಿಕಟ್ಟಿನ ಮೇಲೆ ಹೊರಳಿಸಿದಳು, ಒಮ್ಮೆಯೂ ತಪ್ಪಲಿಲ್ಲ. ಹೇಳಿಕೊಟ್ಟಂತೆ ಎದುರಿನ ಮುಖಗಳನ್ನು ನೋಡುತ್ತಿದ್ದಳು. ಹಿಗ್ಗಿದ ಅಪ್ಪನ ಮುಖ ಕಂಡಿತು. ಅದರ ಹಿಂದೆ ಮಲ್ಲುವಿನ ಮುಖ ಕಂಡಿತು. ಅವನೂ ಅವಳಿಗಾಗಿ ನಗುತ್ತಿದ್ದ. ಇನ್ನೂ ಹಿಂದೆ, ರಸ್ತೆಯಾಚೆ, ಕುರಿಗಳು ಮೇಯುತ್ತಿದ್ದವು. ಕೊನೆಯ ಸುತ್ತು ಉಳಿದಿತ್ತು. ನಡುವಿನ ಹತ್ತಿರ ತಿರುಗಿಸಿದರೆ ಚಪ್ಪಾಳೆ, ಮನೆ, ಹೊಗಳಿಕೆ. ಮಲ್ಲು ಮತ್ತೆ ಬೇವಿನ ಕೆಳಗೆ.

ಸೋನಾಲಿ ರಸ್ತೆಯ ಎರಡೂ ತುದಿ ನೋಡಿದಳು. ಗಾಡಿ ಒಂದೂ ಇರಲಿಲ್ಲ. ಕೈಯನ್ನು ಪೂರ್ತಿ ಮೇಲೆತ್ತಿ ತಲೆಯ ಮೇಲೆ ಕೋಲು ತಿರುಗಿಸಿದಳು.

ಮೊದಲು ಒಂದು ಕುರಿ ಕತ್ತೆತ್ತಿತು. ಆಮೇಲೆ ಇಡೀ ಹಿಂಡು, ಮಲಗಿದ ಕೋಲನ್ನು ದಾಟಿಕೊಂಡು, ರಸ್ತೆಗೆ ಇಳಿದು ಮೈದಾನದೊಳಗೆ ಬಂತು. ಡೋಲಿನವರು ಚದುರಿದರು. ಮಂದಿ ಬಿದ್ದುಬಿದ್ದು ನಕ್ಕರು. ಕುರಿಗಳು ಅತ್ತ ಇತ್ತ ನೋಡದೆ ನೇರವಾಗಿ ಬಂದು ಸೋನಾಲಿಯ ಮುಂದೆ ನಿಂತವು. ನಗು ಒಬ್ಬೊಬ್ಬರಲ್ಲಿ ನಿಂತುಹೋಯಿತು. ಅಮೋಗಸಿದ್ದ ತಿರುಗಿ ರಸ್ತೆಯಾಚೆ ನೆಲದ ಮೇಲೆ ಬಿದ್ದಿದ್ದ ತನ್ನ ಕೋಲು ನೋಡಿದ. ಆಮೇಲೆ ಮಗಳ ಕೈ ನೋಡಿದ.

"ಅಪ್ಪಾ, ಅವತ್ತೂ ಹಿಂಗ ತಿರಗಿಸಿದ್ದೆ," ಎಂದಳು ಸೋನಾಲಿ. "ನಿನ್ನ ಕೋಲ ತಿರಗಿ ಅಲ್ಲೇ ಇಟ್ಟಾಕಿ ನಾನ. ಮಲ್ಲು ಕಾಕಾಂದು ಏನೂ ತಪ್ಪಿಲ್ಲ."

 ಅಮೋಗಸಿದ್ದ ಮಂದಿಯ ನಡುವೆ ಹಾದು ಮಲ್ಲುವಿನ ಹತ್ತಿರ ಹೋಗಿ, ಎರಡೂ ಕೈ ಜೋಡಿಸಿ ಏನೋ ಹೇಳಿದ. ಅವನ ದನಿ ನಮಗೆ ಯಾರಿಗೂ ಕೇಳಲಿಲ್ಲ. ಮಲ್ಲು ಅವನ ಕೈಗಳನ್ನು ಹಿಡಿದುಕೊಂಡು ಅತ್ತದ್ದು ಮಾತ್ರ ಎಲ್ಲರಿಗೂ ಕಂಡಿತು. ಸೋಮನಿಂಗಪ್ಪ ತನ್ನ ಚಪ್ಪಲಿ ನೋಡಿಕೊಂಡ. ನಾವೂ ನಮ್ಮ ನಮ್ಮ ಚಪ್ಪಲಿ ನೋಡಿಕೊಂಡೆವು.

ಅಮೋಗಸಿದ್ದ ರಸ್ತೆ ದಾಟಿ ಕೋಲು ಎತ್ತಿಕೊಂಡು ಬಂದು ಮಗಳ ಕೈಗೆ ಕೊಟ್ಟ.

"ಕುರಿ ನೀನ ದಾಟಿಸ್ಕೊಂಡ ಬಾ. ನಾ ಶಿವಲಿಂಗವ್ವಗ ಉಣ್ಣಾಕ ಹೇಳಿ ಬರ್ತೀನಿ."

ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತ. ಜೀಪು ಧೂಳೆಬ್ಬಿಸಿ ಹೊರಟಿತು. ಅಕ್ಕೋರು ಬಂದು ಬೆಳ್ಳಿಗುಂಡಿನ ಕೋಲು ಇಸಿದುಕೊಂಡರು, ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಅನಿಸಿತು ಸೋನಾಲಿಗೆ. ಅಪ್ಪನೂ ಬೈದಿರಲಿಲ್ಲ.

ರಸ್ತೆಯ ಆಚೆ ಹೋಗಿ ನಿಂತು ಅವಳು ತಿರುಗಿ ನೋಡಿದಳು. ಮುಂದಾಳು ಟಗರಿಲ್ಲದ ಹಿಂಡು ಈಚೆ ಅಂಚಿನಲ್ಲಿ ಸಾಲಾಗಿ ನಿಂತು ಅವಳ ಕೈಯನ್ನೇ ನೋಡುತ್ತಿತ್ತು. ಅದೇ ಕೋಲು, ಅದೇ ಕೈ. ಊರಿಗೆ ತಿಳಿದ ಸತ್ಯ ಕುರಿಗಳಿಗೆ ತಿಳಿದಿರಲಿಲ್ಲ. ಅವು ಅವಳನ್ನು ಮೊದಲಿನಷ್ಟೇ ನಂಬಿದ್ದವು. ಅದನ್ನು ಮಾತ್ರ ಅವಳಿಂದ ತಡೆದುಕೊಳ್ಳಲಾಗಲಿಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡು, ರಸ್ತೆಯ ಎರಡೂ ಕಡೆ ಮತ್ತೊಮ್ಮೆ, ಇನ್ನೊಮ್ಮೆ ನೋಡಿ, ಕೋಲು ಎತ್ತಿದಳು.