ಅಪ್ಪ ಬಾಯಿ ತೆರೆಯದ ಚೆಂಡು

1914ರ ದೊಡ್ಡ ಯುದ್ಧಕ್ಕೆ ಮುಂಚಿನ ಮಾತು. ಪ್ಯಾರಿಸ್ಸಿನ ಪಕ್ಕದ ನಮ್ಮ ಸ್ಯಾಂ ಕ್ಲೂ ಗುಡ್ಡದ ಮೇಲೆ ಮಣ್ಣಿನಂಗಣದ ವಿಶ್ವ ಟೆನಿಸ್ ಪಂದ್ಯ ನಡೆದಿತ್ತು. ನಮ್ಮಕ್ಕ ಕ್ಲೋತಿಲ್ದ್ ಸೆಮಿಫೈನಲ್ ತಲುಪಿದ್ದಳು. ಗೆದ್ದರೆ ಫೈನಲ್. ಅಂದು ಚೆಂಡು ಗೆರೆಯ ಒಳಗೋ ಹೊರಗೋ ಎಂದು ನೋಡಲು ಜನ ಸಾಲದೆ, ಕ್ಲಬ್ಬಿನ ಹಳೆಯ ಸದಸ್ಯರೆಂದು ನಮ್ಮಪ್ಪ ಆನ್ಸೆಲ್ಮ್ ಅವರನ್ನೇ ಅಂಗಣದ ಕೊನೆಯ ಹಿಂಗೆರೆಗೆ ಕೂರಿಸಿದರು.

"ಮಗಳ ಕಡೆ ವಾಲ್ದ ಅಂತ ಊರೆಲ್ಲ ಆಡ್ಕೊಳ್ಳುತ್ತೆ ಕಣೋ," ಎಂದರು ಅಜ್ಜಿ.

"ಅವಳ ಚೆಂಡಿನ ಮೇಲೆ ಕೂದಲೆಳೆಯಷ್ಟು ಅನುಮಾನ ಬಂದ್ರೂ ಹೊರಗೆ ಅಂತೀನಿ, ಬಿಡಮ್ಮ."

ಹಾಗೆಯೇ ಆಯಿತು. ಇನ್ನೊಂದು ಅಂಕ ಬಂದರೆ ಅಕ್ಕನ ಗೆಲುವು. ಅವಳು ಬೀಸಿ ಹೊಡೆದ ಚೆಂಡು ಅಪ್ಪನ ಗೆರೆಯ ಬಳಿ ಬಿತ್ತು. "ಹೊರಗೆ!" ಎಂದು ಅಪ್ಪ ಕೂಗಿಬಿಟ್ಟರು. ಎದುರಾಳಿ ಹೆಡ್ವಿಗ್, ಜರ್ಮನಿಯವಳು, ಎತ್ತಿದ ರ‍್ಯಾಕೆಟ್ಟನ್ನು ಅಲ್ಲೇ ಇಳಿಸಿದಳು.

"ಹೆತ್ತ ಮಗಳ ತಲೆ ಮೇಲೇ ಕಲ್ಲು ಹಾಕಿದ್ನಲ್ಲೇ ನಿಮ್ಮಪ್ಪ!" ಪಕ್ಕದ ಹೆಂಗಸು ನನ್ನ ತೋಳು ಹಿಂಡಿದಳು.

ಮಣ್ಣಿನಂಗಣ ಏನನ್ನೂ ಬಚ್ಚಿಡುವುದಿಲ್ಲ, ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಹೆಡ್ವಿಗ್ ಬಗ್ಗಿ ನೋಡಿದಳು. "ಇದು ಒಳಗೇ ಇದೆ ಕಣ್ರೀ," ಎಂದಳು.

ಅಕ್ಕ ಬಲೆಯ ಆಚೆಯಿಂದಲೇ ಕೂಗಿದಳು: "ಬೇಡ ಬಿಡಿ. ನಮ್ಮಪ್ಪ ಹೊರಗೆ ಅಂದ್ರೆ ಹೊರಗೇ!"

ಜನರ ಮುಂದೆ ಅಪ್ಪನ ಮಾತು ಬೀಳಬಾರದೆಂದು ಫೈನಲ್ಲನ್ನೇ ಪಣಕ್ಕಿಟ್ಟಿದ್ದಳು.

ಅಪ್ಪ ಕುರ್ಚಿ ಬಿಟ್ಟು ಎದ್ದರು. ಒಳ್ಳೆಯ ಪ್ಯಾಂಟಿನ ಮಂಡಿಯನ್ನು ಕೆಂಪು ಮಣ್ಣಿಗೆ ಊರಿ ನೋಡಿದರು. ಗುರುತಿನ ಅಂಚಿಗೆ ಗೆರೆಯ ಸುಣ್ಣ ಮೆತ್ತಿತ್ತು; ಗೆರೆ ತಾಗಿದ ಚೆಂಡು ಒಳಗೆಂದೇ ಲೆಕ್ಕ. ಟೋಪಿ ತೆಗೆದು ಅಂಪೈರ್ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಚೆಂಡು ಒಳಗಿತ್ತು. ತಪ್ಪು ನಂದು."

ಕೂಗು ಕೇಳಿ ಹೆಡ್ವಿಗ್ ಕೈ ತಡೆದಿದ್ದರಿಂದ ಆ ಅಂಕವನ್ನು ಮತ್ತೆ ಆಡಬೇಕೆಂದರು ಅಂಪೈರ್.

"ಅಪ್ಪಾ, ಸರಿಯಾಗಿ ಕೂತ್ಕೊಳ್ಳಿ, ಅಲ್ಲಿಗೇ ಹೊಡೀತೀನಿ!" ಎಂದಳು ಅಕ್ಕ. ಜನ ಗೊಳ್ಳೆಂದರು.

"ಹೊಡಿ ನೋಡೋಣ, ಬಾಯಾಳಿ!"

ನಾಲ್ಕಾರು ಹೊಡೆತಗಳಾದ ಮೇಲೆ ಅಕ್ಕ ಮೈಯೆಲ್ಲ ತಿರುಗಿಸಿ ಬೀಸಿದಳು. ಚೆಂಡು ಹೆಡ್ವಿಗ್‌ಳನ್ನು ದಾಟಿ ಅದೇ ಮೂಲೆಯಲ್ಲಿ, ಅದೇ ಗೆರೆಯ ಮೇಲೆ ಸುಣ್ಣ ಹಾರಿಸಿತು. ಗೆರೆ ನೋಡುವವನು ಬಾಯಿ ತೆರೆಯದಿದ್ದರೆ ಚೆಂಡು ಒಳಗೆ ಬಿದ್ದಂತೆ. ಎಲ್ಲರೂ ಅಪ್ಪನತ್ತ ನೋಡಿದರು.

ಅಪ್ಪ ತುಟಿ ಬಿಗಿಹಿಡಿದು, ಮಂಡಿಯ ಕೆಂಪು ಮಣ್ಣನ್ನು ಒರೆಸಿಕೊಳ್ಳದೆ, ಎದೆ ಸೆಟೆಸಿ ಕೂತೇ ಇದ್ದರು.